ಹಿತ್ತಿಲ ನೆಂಟ

ನಮ್ಮೂರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ನೋಡುವುದು ಅವರ ನಾಲಿಗೆಯನ್ನಲ್ಲ, ಜಗಲಿಯನ್ನು. ಜ್ವರ ಬಂದ ಮನೆಯ ಜಗಲಿಯ ಮೇಲೆ ಒದ್ದೆ ತಲೆಗೂದಲಿನ ಹೆಂಗಸೊಬ್ಬಳು ಕಂಬಳಿ ಹೊದ್ದು ಕೂತಿರುತ್ತಾಳೆ. ಕೆಮ್ಮಿಗೆ ಬರುವವನು ಊರುಗೋಲಿನ ಮುದುಕ. ಉಳುಕಿಗೆ ಬರುವವನು ಕುಂಟುತ್ತಾ ಬಂದು, ಹೋಗುವಾಗ ನೆಟ್ಟಗೆ ನಡೆದು ಹೋಗುತ್ತಾನೆ. ಇವರನ್ನು ನಾವು ನೆಂಟರು ಎನ್ನುತ್ತೇವೆ. ಮದುವೆ ಮುಂಜಿಗೆ ಬರುವವರನ್ನು ಬಳಗದವರು ಎನ್ನುತ್ತೇವೆ, ಗಲಿಬಿಲಿ ಆಗಬಾರದಲ್ಲ. ನೆಂಟರು ಬಂದರೆ ಒಂದು ಚೊಂಬು ನೀರು, ಒಂದು ಉಂಡೆ ಬೆಲ್ಲ ಇಟ್ಟು ಕೈಮುಗಿಯಬೇಕು. ಯಾವಾಗ ಹೊರಡುತ್ತೀರಿ ಎಂದು ಮಾತ್ರ ಕೇಳಬಾರದು, ಕೇಳಿದರೆ ಮುನಿಸಿಕೊಂಡು ಇನ್ನೂ ಗಟ್ಟಿಯಾಗಿ ಕೂರುತ್ತಾರೆ. ಅವರು ಗಟಗಟ ನೀರು ಕುಡಿಯುತ್ತಾರೆ, ಚೊಂಬಿನ ನೀರು ಇದ್ದಷ್ಟೇ ಇರುತ್ತದೆ. ಬೀದಿಯಲ್ಲಿ ಯಾರು ಬಂದರೂ ಹೋದರೂ ಏಳುವುದಿಲ್ಲ, ತಮ್ಮಂಥ ಇನ್ನೊಬ್ಬ ನೆಂಟ ಹಾದು ಹೋದರೆ ಮಾತ್ರ ಎದ್ದು ಕೈಮುಗಿಯುತ್ತಾರೆ. ಜಗಲಿಯಲ್ಲಿ ನೆಂಟರನ್ನು ಕಂಡರೆ ಅಕ್ಕಪಕ್ಕದವರು ಗಂಜಿಗೆ ನುಚ್ಚೋ ಕಷಾಯಕ್ಕೆ ಮೆಣಸೋ ತಂದು ಕೊಡುತ್ತಾರೆ. ನೆಂಟರು ಕೂತ ಮನೆಯ ಮುಂದೆ ದನಿ ಎತ್ತಿ ಬೈಯುವ ಹಾಗಿಲ್ಲ. ಕಾಯಿಲೆಯವನನ್ನಂತೂ ಬೈಯಲೇ ಬಾರದು.

ನಾನು ಹಪ್ಪಳದ ಕೆಂಚಕ್ಕ. ಬೇಸಗೆಯಿಡೀ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಹರವಿಕೊಂಡು ಕಾಗೆ ಓಡಿಸುತ್ತಾ ಕೂರುವುದು ನನ್ನ ಕಸುಬು. ಮಾಳಿಗೆಯ ಒಂದು ಪಕ್ಕಕ್ಕೆ ಬೀದಿಯ ಜಗಲಿಗಳು ಕಾಣುತ್ತವೆ, ಇನ್ನೊಂದು ಪಕ್ಕಕ್ಕೆ ಎಲ್ಲರ ಮನೆಯ ಹಿತ್ತಿಲು. ಕಾಗೆಯನ್ನೇ ಎಷ್ಟು ಹೊತ್ತು ನೋಡುತ್ತಾ ಕೂರುವುದು? ಕಣ್ಣು ಅತ್ತಿತ್ತ ಹೋಗುತ್ತದೆ. ಕೆಂಚಕ್ಕನಿಗೆ ಊರ ಉಸಾಬರಿ ಜಾಸ್ತಿ ಎನ್ನುತ್ತಾರೆ. ಹೌದು, ಜಾಸ್ತಿ. ದೇವರು ಕಣ್ಣು ಕೊಟ್ಟಿರುವುದು ಮುಚ್ಚಿಕೊಂಡು ಕೂರಲಿಕ್ಕೆ ಅಲ್ಲ ಎಂಬುದು ನನ್ನ ವಾದ.

ನಮ್ಮ ಪಕ್ಕದ ಮನೆಯವನು ಗಾರೆ ಕೆಲಸದ ಮೈಲಾರಿ. ಊರಿನ ಅರ್ಧ ಜಗಲಿಗಳು ಅವನ ಕೈಯವೇ. ನೆಂಟರು ಕೂರುವ ಜಾಗ ಕಟ್ಟುವುದೆಂದರೆ ಹುಡುಗಾಟವಲ್ಲ. ಎತ್ತರವಾದರೆ ಮುದಿ ಕೆಮ್ಮಿಗೆ ಹತ್ತಲಾಗುವುದಿಲ್ಲ, ತಗ್ಗಾದರೆ ನಮ್ಮನ್ನು ನೆಲಕ್ಕೆ ಕೂರಿಸಿದರು ಎಂದು ಜ್ವರ ಸಿಡುಕುತ್ತದೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಬೆಣ್ಣೆಯ ಹಾಗೆ ಅರೆದು ಮೈಲಾರಿ ಗಾರೆ ಎಳೆದರೆ ಅದರ ಮೇಲೆ ಇರುವೆ ಜಾರುತ್ತಿತ್ತು. ಅವನ ಜಗಲಿಯಲ್ಲಿ ಕೂತ ನೆಂಟರು ಬೇಗ ಸಮಾಧಾನವಾಗಿ ಎದ್ದು ಹೋಗುತ್ತಾರೆ ಎಂದು ಹೆಸರಿತ್ತು. ಆಮೇಲೆ ಅವನು ಕುಡಿಯಲು ಶುರು ಮಾಡಿದ. ಮೊದಮೊದಲು ಸಂಜೆ, ಆಮೇಲೆ ಮಧ್ಯಾಹ್ನ, ಆಮೇಲೆ ಹಲ್ಲುಜ್ಜುವುದಕ್ಕೂ ಮೊದಲು. ಹೆಂಡತಿ ತಿಮ್ಮಕ್ಕ ಅತ್ತಳು, ಬೈದಳು, ತವರಿಗೆ ಹೋಗಿ ಬಂದಳು, ದೇವರ ಮುಂದೆ ಆಣೆ ಹಾಕಿಸಿದಳು. ಆಣೆ ಹಾಕುವಾಗ ಮೈಲಾರಿ ಮನಸಾರೆ ಹಾಕುತ್ತಿದ್ದ, ಮುರಿಯುವಾಗಲೂ ಅಷ್ಟೇ. ಊರಿನವರು ಅವನ ಜಗಲಿಯತ್ತ ಒಮ್ಮೆ ನೋಡಿದರು. ಜಗಲಿ ಖಾಲಿ. ನೆಂಟರಿಲ್ಲ ಎಂದ ಮೇಲೆ ಕಾಯಿಲೆಯಲ್ಲ, ಕಾಯಿಲೆಯಲ್ಲ ಎಂದ ಮೇಲೆ ಕೊಬ್ಬು. ಹುಟ್ಟುಗುಣ ಸುಟ್ಟರೂ ಹೋಗದು, ಅವನಪ್ಪನೂ ಹೀಗೇ ಕುಡಿದು ಸತ್ತ ಎಂದರು. ನಾನೂ ಅಂದೆ.

ಇನ್ನೊಂದು ಮಾತನ್ನೂ ಎಲ್ಲರೂ ಅನ್ನುತ್ತಿದ್ದರು, ಸಹವಾಸದಿಂದ ಸನ್ಯಾಸಿ ಕೆಟ್ಟ ಎಂದು. ಮೈಲಾರಿಗೆ ಒಬ್ಬ ಗೆಳೆಯನಿದ್ದ. ಅವನದೇ ವಯಸ್ಸು, ಅವನದೇ ಮೈಕಟ್ಟು, ಬಿಳಿ ಪಂಚೆ, ಎಣ್ಣೆ ಹಾಕಿ ಬಾಚಿದ ತಲೆ. ಮಾತು ಮೆತ್ತಗೆ. ಮೈಲಾರಿಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದ. ಅವನನ್ನು ಕಾಣದವರೇ ಊರಲ್ಲಿರಲಿಲ್ಲ. ಎಲ್ಲರೂ ಅವನನ್ನು ಶಪಿಸುತ್ತಿದ್ದರು, ತಿಮ್ಮಕ್ಕ ಅಂತೂ ಪೊರಕೆ ತಿರುಗಿಸಿ ಹಿಡಿದು ಬಾರಿಸುತ್ತಿದ್ದಳು. ಅವನು ನಗುತ್ತಾ ಎದ್ದು ಹೋಗಿ, ಅವಳು ಒಲೆ ಮುಂದೆ ಕೂರುವಷ್ಟರಲ್ಲಿ ಮತ್ತೆ ಕಲ್ಲಿನ ಮೇಲೆ ಇರುತ್ತಿದ್ದ.

ಆ ವರ್ಷ ಮೈಲಾರಿ ಕೆಳಗಿನ ಬೀದಿಯ ಬಾಣಂತಿ ಮನೆಗೆ ಜಗಲಿ ಕಟ್ಟಿಕೊಟ್ಟ. ಕೈ ನಡುಗುತ್ತಿತ್ತು, ಗಾರೆ ಸರಿಯಾಗಿ ಅರೆದಿರಲಿಲ್ಲ. ಕೂಸಿಗೆ ಜ್ವರ ಬಂದು ಆ ಒದ್ದೆ ತಲೆಯ ಹೆಂಗಸು ಕೂತ ದಿನವೇ ಜಗಲಿಯ ಮೂಲೆ ಕುಸಿಯಿತು. ಕಂಬಳಿ ಸಮೇತ ಆಕೆ ಕೆಳಗೆ ಬಿದ್ದಳು. ಅವಳ ಸಿಟ್ಟು ಎಂಥದು ಎಂದರೆ ಕೂಸು ಕೆಂಡದ ಹಾಗೆ ಸುಡುತ್ತಾ, ಉಳಿಯುತ್ತದೋ ಇಲ್ಲವೋ ಎನ್ನುವ ಹಾಗಾಯಿತು. ಕಡೆಗೆ ಉಳಿಯಿತು. ಮೈಲಾರಿಗೆ ಮಾತ್ರ ಉಳಿಗಾಲವಿರಲಿಲ್ಲ. ಯಜಮಾನ ಬೊಮ್ಮಯ್ಯನವರು ಊರು ಸೇರಿಸಿ, ಬರುವ ಅಮಾವಾಸ್ಯೆಗೆ ಮೈಲಾರಿಯ ಜಗಲಿ ಒಡೆಯುವುದು ಎಂದು ತೀರ್ಮಾನ ಕೊಟ್ಟರು.

ಜಗಲಿ ಒಡೆಯುವುದು ಎಂದರೆ ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಜಗಲಿ ಇಲ್ಲದ ಮನೆಗೆ ಯಾರೂ ಗಂಜಿ ತರುವುದಿಲ್ಲ, ಏನಾಯಿತು ಎಂದು ಕೇಳುವುದಿಲ್ಲ. ನೆಂಟರು ಮಾತ್ರ ಬರದೆ ಇರುತ್ತಾರೆಯೇ? ಕೂರಲು ಹೊರಗೆ ಜಾಗವಿಲ್ಲ ಎಂದು ನೇರ ಒಳಗೆ ಹೋಗಿ ರೋಗಿಯ ಪಕ್ಕದಲ್ಲೇ ಮಲಗುತ್ತಾರೆ. ಹಾಗಾದ ಮನೆಯವರು ಬಹಳ ದಿನ ಬದುಕಿದ್ದನ್ನು ನಾನು ಕಂಡಿಲ್ಲ. ತಿಮ್ಮಕ್ಕ ಬಂದು ನನ್ನ ಮಾಳಿಗೆಯ ಮೆಟ್ಟಿಲ ಮೇಲೆ ಕೂತಳು. "ಅವನು ಕುಡೀಲಿ ಬಿಡ್ಲಿ, ಹಾಗೆ ಮೂಲೇಲಿ ಬಿದ್ದು ಒಬ್ಬನೇ ಸಾಯೋದನ್ನ ನಾನು ನೋಡಲಾರೆ ಕೆಂಚಕ್ಕಾ" ಎಂದಳು. ಬಾಯಿಗೆ ಬಂದದ್ದನ್ನು ಅಂದೆ. "ಎಲ್ಲ ಆ ಬಿಳಿ ಪಂಚೆಯವನಿಂದ. ಅವನ ಮನೆಯವರಿಗೆ ಹೇಳಿ ಅವನ ಕಾಲು ಕಟ್ಟಿಸು."

"ಅವನ ಮನೆ ಎಲ್ಲಿದೆ?" ಎಂದಳು ತಿಮ್ಮಕ್ಕ.

ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ ಮನೆ ಈ ಊರಲ್ಲಿ ಒಂದಿದೆ ಎಂದರೆ! ಆ ದಿನ ಹಪ್ಪಳವನ್ನು ಕಾಗೆಗೆ ಬಿಟ್ಟು ಮಾಳಿಗೆ ಇಳಿದೆ. ಕುಂಬಾರರ ಓಣಿಯಲ್ಲಿ ಕೇಳಿದರೆ ಅವನು ಮೇಲಿನ ಬೀದಿಯವನಿರಬೇಕು ಎಂದರು, ಮೇಲಿನ ಬೀದಿಯವರು ಕುಂಬಾರರ ಓಣಿಯ ಕಡೆ ಕೈ ತೋರಿಸಿದರು. ಸಾರಾಯಿ ಅಂಗಡಿಯವನು, "ಮೈಲಾರಿ ಜೊತೆ ಹಿತ್ತಿಲ ದಾರೀಲಿ ಬರ್ತಾನೆ, ಅದೇ ದಾರೀಲಿ ಮೈಲಾರಿ ಜೊತೆ ಹೋಗ್ತಾನೆ, ಒಂದು ತೊಟ್ಟು ಕುಡಿಯಲ್ಲ" ಎಂದ. ಕುಡಿಯದವನು ಸಾರಾಯಿ ಅಂಗಡಿಗೆ ಏಕೆ ಬರುತ್ತಾನೆ? ನನ್ನ ತಲೆಯಲ್ಲಿ ಹುಳ ಹೊಕ್ಕಿತು. ತಲೆಯಲ್ಲಿ ಹುಳ ಹೊಕ್ಕ ಮೇಲೆ ನನಗೆ ಅನ್ನ ಸೇರುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಮೈಲಾರಿ ಇನ್ನೂ ಒಳಗೆ ಮಲಗಿದ್ದಾಗ, ಬಿಸಿಲಿಗೆ ದಣಿದವಳ ಹಾಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಅವರ ಹಿತ್ತಿಲಿಗೆ ಹೋದೆ. ಅವನು ಕಲ್ಲಿನ ಮೇಲೆ ಇದ್ದ.

"ಯಾರ ಮನೆಯವರಪ್ಪಾ ನೀವು?" ಎಂದೆ.

"ಇದೇ ಮನೆಯವನು ತಾಯಿ."

"ಊಟ ಗೀಟ ಎಲ್ಲಿ?"

"ಮೈಲಾರಿ ಜೊತೆ."

"ಹೆಂಡತಿ ಮಕ್ಕಳು?"

"ಮೈಲಾರಿಯವರೇ" ಎಂದ, ಅದರಲ್ಲೇನು ವಿಶೇಷ ಎನ್ನುವ ಹಾಗೆ. ಹೆಸರೇನು ಎಂದು ಕೇಳಿದೆ. "ಯಾರೂ ಇಟ್ಟಿಲ್ಲ" ಎಂದು ನಕ್ಕ. ಆ ನಗು ನೋಡಿದರೆ ಎಂಥವರಿಗೂ ಪಕ್ಕದಲ್ಲಿ ಕೂರೋಣ ಅನ್ನಿಸಬೇಕು, ಸುಳ್ಳು ಯಾಕೆ ಹೇಳಲಿ, ನನಗೂ ಅನ್ನಿಸಿತು. ಬಾಯಾರಿಕೆಯೇ ಎಂದೆ. ಹೂಂ ಎಂದ. ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಕೊಟ್ಟೆ. ಗಂಟಲ ಮಣಿ ಏರುತ್ತಾ ಇಳಿಯುತ್ತಾ ಗಟಗಟ ಕುಡಿದು ಚೊಂಬು ವಾಪಸು ಕೊಟ್ಟ. ಚೊಂಬು ತುಂಬಿತ್ತು. ಅಂಚಿನವರೆಗೆ ತುಂಬಿತ್ತು.

ಓಡಿ ಹೋಗಿ ಅಡಿಗೆಮನೆಯಲ್ಲಿ ತಿಮ್ಮಕ್ಕನಿಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಚೊಂಬು ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ, ನೆಂಟರಾ? ಪೊರಕೇಲಿ ಹೊಡೆದೆನಲ್ಲ ಕೆಂಚಕ್ಕಾ! ಅದೂ ಅಂಗಳ ಗುಡಿಸೋ ಪೊರಕೇಲಿ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂತು. ಒಬ್ಬ ನೆಂಟನನ್ನು ಇಷ್ಟು ವರ್ಷ ಇಡೀ ಊರು ನೋಡಿದೆ, ಶಪಿಸಿದೆ, ಬಡಿದಿದೆ, ಆದರೆ ಜಗಲಿಯ ಮೇಲೆ ಕೂರಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಗುರುತು ಹಿಡಿದಿಲ್ಲ. ಕಾಯಿಲೆಯನ್ನು ಗೆಳೆಯ ಎಂದುಕೊಂಡೆವು, ರೋಗಿಯನ್ನು ಪೋಲಿ ಎಂದುಕೊಂಡೆವು.

ತಿಮ್ಮಕ್ಕ ಬೆಲ್ಲ ನೀರು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಕೈಮುಗಿದಳು. "ತಪ್ಪಾಯ್ತು. ಮುಂದಿನ ಜಗಲಿಗೆ ಬಂದು ಕೂತ್ಕೊಳ್ಳಿ" ಎಂದು ಕೇಳಿಕೊಂಡಳು. ಅವನು ತಲೆ ಅಲ್ಲಾಡಿಸಿದ. "ಮೈಲಾರಿ ಕರೆದ್ರೆ ಬರ್ತೀನಿ ತಾಯಿ. ಬೇರೆ ಯಾರು ಕರೆದ್ರೂ ಇಲ್ಲ."

ಅಷ್ಟರಲ್ಲಿ ಮೈಲಾರಿ ಎದ್ದು ಬಂದ. ಕಣ್ಣು ಕೆಂಪು, ಗೋಡೆ ಹಿಡಿದುಕೊಂಡು ನಿಂತ. ವಿಷಯ ಹೇಳಿದರೆ ನಮ್ಮ ಮೇಲೇ ಹರಿಹಾಯ್ದ. "ಇವನು ಕಾಯಿಲೆಯಂತೆ! ಈ ಊರಲ್ಲಿ ನನ್ನನ್ನ ಬೈಯದೆ ಇರೋನು ಇವನೊಬ್ಬನೇ. ಕೂಸು ಸಾಯೋ ಹಾಗಾದಾಗ ಎಲ್ಲರೂ ಮುಖಕ್ಕೆ ಉಗಿದ್ರು. ಇವನು ಪಕ್ಕದಲ್ಲಿ ಕೂತು ಭುಜದ ಮೇಲೆ ಕೈ ಇಟ್ಟ. ನನಗೆ ಕಾಯಿಲೆ ಅಂದ್ರೆ ನೀವು, ಇವನಲ್ಲ." ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ತಿಮ್ಮಕ್ಕ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ನೆಂಟನ ಕಡೆ ತಿರುಗಿ, ಹೋಗುವುದು ಯಾವಾಗ ಎಂದು ಕೇಳಬಾರದು ನಿಜ, ಬಂದದ್ದು ಯಾವಾಗ ಎಂದು ಕೇಳಬಹುದಲ್ಲ, ಅದನ್ನು ಕೇಳಿದಳು. "ಈ ಮನೆಗೆ ನೀವು ಯಾವಾಗಿಂದ ಬರ್ತಾ ಇದ್ದೀರಿ?"

"ಇವನ ಅಪ್ಪನ ಕಾಲದಿಂದ ತಾಯಿ. ಇದೇ ಕಲ್ಲ ಮೇಲೆ" ಎಂದ ಅವನು.

ಮೈಲಾರಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಅವನ ಮುಖವನ್ನೇ ದಿಟ್ಟಿಸಿ ನೋಡಿದ, ಮೊದಲ ಸಲ ನೋಡುವವನ ಹಾಗೆ. "ಅಪ್ಪನ ಜೊತೆ ಒಬ್ಬ ಮಾವ ಕೂರ್ತಿದ್ದ" ಎಂದ ಮೆಲ್ಲಗೆ. "ಅವನಿಗೆ ಅಪ್ಪನ ವಯಸ್ಸಿತ್ತು. ನನ್ನ ತಲೆ ಸವರ್ತಿದ್ದ. ನೀನೇನಾ ಅದು?" ನೆಂಟ ಹೌದು ಎಂಬಂತೆ ನಕ್ಕ. "ಅಪ್ಪ ಸತ್ತ ದಿನ ಊರೆಲ್ಲ ಬಂದಿತ್ತು. ಆ ಮಾವ ಬರ್ತಾನೆ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ. ಮಣ್ಣಿಗೂ ಬರಲಿಲ್ಲ. ಎಲ್ಲಿ ಹೋಗಿದ್ದೆ?"

"ಅಲ್ಲಿ ನನಗೇನು ಕೆಲಸ ಮೈಲಾರಿ?" ಎಂದ ನೆಂಟ. ದನಿಯಲ್ಲಿ ಕೆಟ್ಟತನವಿರಲಿಲ್ಲ, ಮಳೆ ಯಾವ ಹೊಲದ ಮೇಲೆ ಬಿದ್ದರೇನು ಎನ್ನುವ ಹಾಗಿತ್ತು. "ಅವನಾದ ಮೇಲೆ ನೀನು ದೊಡ್ಡವನಾಗೋದನ್ನ ಕಾಯ್ತಾ ಇದ್ದೆ."

ಮೈಲಾರಿ ನೆಲಕ್ಕೆ ಕುಸಿದು ಕೂತು ಅತ್ತ. ಕುಡಿದವರ ಅಳು ನಾನು ಬೇಕಾದಷ್ಟು ಕೇಳಿದ್ದೇನೆ, ಇದು ಅದಲ್ಲ. ಬಾಗಿಲಲ್ಲಿ ಕಾದು ಕಾದು ನಿಂತ ಮಗುವಿನ ಅಳು ಅದು. ತಿಮ್ಮಕ್ಕ ಅವನ ಬೆನ್ನ ಮೇಲೆ ಕೈ ಇಟ್ಟಳು. ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ಮನೆಗೆ ಬಂದರೆ, ಮಹಾರಾಯ ಆ ಸಂಜೆಯೂ ಕುಡಿದ! ನನಗೆ ರೇಗಿತು. ಆಮೇಲೆ ನನ್ನನ್ನು ನಾನೇ ಕೇಳಿಕೊಂಡೆ, ಜಗಲಿಯಲ್ಲಿ ಕೂತಿರುವುದು ಜ್ವರ ಎಂದು ಗೊತ್ತಾದ ಮಾತ್ರಕ್ಕೆ ಮೈಯ ಬಿಸಿ ಇಳಿಯುತ್ತದೆಯೇ? ಕಾಯಿಲೆ ಎಂದ ಮೇಲೆ ಅದಕ್ಕೂ ಕಾಯಿಲೆಯ ನಿಯಮವೇ.

ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಬೊಮ್ಮಯ್ಯನವರು ಹಾರೆ ಹಿಡಿದ ಆಳುಗಳ ಜೊತೆ ಬಂದರು, ಹಿಂದೆ ಊರು. ಮೈಲಾರಿ ಮನೆಯಲ್ಲಿ ಇರಲಿಲ್ಲ. ಹಿತ್ತಿಲಿನ ಕಲ್ಲೂ ಖಾಲಿ. ಇಬ್ಬರೂ ಸಾರಾಯಿ ಅಂಗಡಿಗೆ ಹೋಗಿರಬೇಕು ಎಂದು ಯಾರೋ ಗೊಣಗಿದರು, ನನಗೂ ಹಾಗೇ ಅನ್ನಿಸಿತು. ತಿಮ್ಮಕ್ಕ ಜಗಲಿಯ ಮೇಲೆ ಕೂತುಬಿಟ್ಟಳು, ಒಡೆಯುವುದಾದರೆ ನನ್ನ ಸಮೇತ ಒಡೆಯಿರಿ ಎಂದು. "ಏಳಮ್ಮ, ಊರ ತೀರ್ಮಾನ" ಎಂದರು ಬೊಮ್ಮಯ್ಯನವರು. ಅವಳು ಏಳಲಿಲ್ಲ. ಒಬ್ಬ ಆಳು ಅವಳಿಂದ ದೂರದ ಮೂಲೆಗೆ ಹಾರೆ ಇಟ್ಟ.

ಆಗ ಬೀದಿಯ ಆ ತುದಿಯಲ್ಲಿ ಮೈಲಾರಿ ಕಾಣಿಸಿದ. ನಮ್ಮ ಸಾಲಿನಲ್ಲಿ ಹಿತ್ತಿಲಿನಿಂದ ಮುಂದಕ್ಕೆ ಬರಲು ಓಣಿಯಿಲ್ಲ, ಇಡೀ ಬೀದಿ ಬಳಸಿಕೊಂಡೇ ಬರಬೇಕು. ಒಳಗಿನಿಂದ ಕರೆತರೋಣವೆಂದರೆ ನೆಂಟರು ಹೊಸಿಲು ದಾಟುವುದು ಶುಭವಲ್ಲ. ಅವನು ಆ ಬಿಳಿ ಪಂಚೆಯವನ ಕೈ ಹಿಡಿದುಕೊಂಡು ಬರುತ್ತಿದ್ದ. ಕಾಲು ತಡವರಿಸುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು, ಅವಮಾನಕ್ಕೆ ತಲೆ ಎದೆಗೆ ತಾಗಿತ್ತು. ಮೊದಲ ಮನೆಯ ಜಗಲಿಯಲ್ಲಿ ಕೆಮ್ಮಿನ ಮುದುಕ ಕೂತಿದ್ದ. ಅವನು ಊರುಗೋಲು ಊರಿ ಮೆಲ್ಲಗೆ ಎದ್ದು ನಿಂತು, ಮೈಲಾರಿಯ ಪಕ್ಕದವನಿಗೆ ಕೈಮುಗಿದ. ಮುಂದಿನ ಜಗಲಿಯಿಂದ ಒದ್ದೆ ತಲೆಯ ಹೆಂಗಸು ಕಂಬಳಿ ಸರಿಸಿ ಎದ್ದಳು. ಅದರಾಚೆ ಉಳುಕಿನವನು ಕುಂಟುಗಾಲಿನಲ್ಲೇ ಎದ್ದ. ಬೊಮ್ಮಯ್ಯನವರ ಮನೆಯ ಜಗಲಿಯಲ್ಲಿ ಅವರ ಸಕ್ಕರೆ ಕಾಯಿಲೆಯ ನೆಂಟ, ಜರಿ ಶಲ್ಯದವನು, ವರ್ಷಗಳಿಂದ ಕೂತೇ ಇರುವವನು, ಊರ ಯಜಮಾನರಿಗೂ ಒಮ್ಮೆಯೂ ಏಳದವನು, ಅವನೂ ಎದ್ದು ಶಲ್ಯ ಸರಿಮಾಡಿಕೊಂಡು ಬಾಗಿದ.

ಮೈಲಾರಿ ತನ್ನ ಮನೆಯ ಮುಂದೆ ಬಂದು ನಿಂತ. "ಇವನು ನನ್ನ ನೆಂಟ" ಎಂದ. "ನನಗೆ ಕಾಯಿಲೆ. ನನ್ನ ಕೈಲಿ ಬಿಡೋಕೆ ಆಗ್ತಿಲ್ಲ." ಅಷ್ಟೇ ಹೇಳಿ ಅವನನ್ನು ಜಗಲಿಯ ಮೇಲೆ ಕೂರಿಸಿದ.

ಆಳು ಹಾರೆಯನ್ನು ಪಕ್ಕಕ್ಕಿಟ್ಟ. ಬೊಮ್ಮಯ್ಯನವರು ಮಾತ್ರ ಸುಲಭಕ್ಕೆ ಸೋಲುವವರಲ್ಲ. "ನೆಂಟನೇ ಇರಬಹುದು. ಆದರೆ ಇವನಾಗಿ ಕರೆಸಿಕೊಂಡ ನೆಂಟ. ಬೇರೆಯವರ ಮನೆಗೆ ನೆಂಟರು ಕರೆಯದೆ ಬರ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅಂತ ಬಿಡಬೇಕಾದ್ದೇ" ಎಂದರು.

"ನಿಮ್ಮ ಸಕ್ಕರೆ ನೆಂಟರನ್ನ ಯಾರು ಕರೆದಿದ್ರು ಯಜಮಾನ್ರೇ?" ಎಂದಳು ತಿಮ್ಮಕ್ಕ. "ಪಂಕ್ತೀಲಿ ನಿಮ್ಮ ಎಲೆಗೆ ಹೋಳಿಗೆ ಬಡಿಸಿದೋಳು ನಾನೇ. ಸಾಕು ಅಂದಿದ್ದು ನನಗೆ ನೆನಪಿಲ್ಲ." ಜನ ಕಿಸಕ್ಕೆಂದರು. ಅವಳು ನಗಲಿಲ್ಲ. "ತಪ್ಪು ಅಂತ ಹೇಳ್ತಿಲ್ಲ. ತಿಂದವರೆಲ್ಲರಿಗೂ ಅವರು ಬರಲ್ಲ, ನಿಮಗೆ ಬಂದ್ರು. ಕುಡಿದವರೆಲ್ಲರ ಹಿತ್ತಿಲಿಗೂ ಇವರು ಬರಲ್ಲ, ನಮಗೆ ಬಂದಿದಾರೆ. ನಿಮಗೆ ಇಷ್ಟು ವರ್ಷ ಊರೆಲ್ಲ ರಾಗಿ ಗಂಜಿ ಕೊಟ್ಟು ನೋಡಿಕೊಂಡಿದೆ. ನಮಗೂ ಕೊಡಿ ಅಂತ ಕೇಳ್ತಿದೀನಿ, ಅಷ್ಟೇ." ಬೊಮ್ಮಯ್ಯನವರು ಹಾರೆಯವರಿಗೆ ಕಣ್ಸನ್ನೆ ಮಾಡಿ, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು.

ಡಾಕ್ಟರು ಸುಲೋಚನಮ್ಮ ಬಂದರು. ನಮ್ಮೂರ ಡಾಕ್ಟರು ಮೊದಲು ನೆಂಟರ ಮುಖ ನೋಡಿ ಆಮೇಲೆ ರೋಗಿಯ ಕೈ ಹಿಡಿಯುತ್ತಾರೆ. ಈ ನೆಂಟನನ್ನು ಅವರು ಬಹಳ ಹೊತ್ತು ನೋಡಿದರು. "ಇವರನ್ನ ಹುಡುಕ್ತಾನೇ ಇದ್ದೆ. ಹೊಟ್ಟೆ ಹಾಳಾದವರು, ಲಿವರ್ ಹೋದವರು ಬರೋರು, ಇವರು ಮಾತ್ರ ಸಿಗ್ತಿರಲಿಲ್ಲ" ಎಂದರು. ಕುಡಿತವನ್ನು ಒಮ್ಮೆಗೇ ಮನೆಯಲ್ಲಿ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು, ಆಸ್ಪತ್ರೆಯಲ್ಲಿ ಮಲಗಿಸಿ ಮಾತ್ರೆ ಕೊಟ್ಟು ಇಳಿಸಬೇಕು ಎಂದು ಕರೆದುಕೊಂಡು ಹೋದರು. ಅಲ್ಲಿ ಮೈಲಾರಿ ಬೆವೆತ, ವಾಂತಿ ಮಾಡಿದ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಹೊಸಕಿದ. ನುಚ್ಚಿನ ಗಂಜಿ ಸರದಿಯ ಮೇಲೆ ಹೋಯಿತು. ಆ ಬಾಣಂತಿಯೂ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಒಂದು ದಿನ ಗಂಜಿ ತಂದಳು. ಮೈಲಾರಿ ಅವಳ ಕಡೆ ನೋಡಲಾರದೆ ಗೋಡೆಗೆ ಮುಖ ಮಾಡಿದ. ಅವಳು ಬೋಸಿ ಇಟ್ಟು, "ಬಿಸಿ ಇದೆ ಅಣ್ಣ, ಆರಿಸಿಕೊಂಡು ಕುಡಿ" ಎಂದು ಹೋದಳು.

ಮನೆಗೆ ಬಂದಾಗ ನಡುಕ ಹೋಗಿತ್ತು, ನೆಂಟ ಹೋಗಿರಲಿಲ್ಲ. ಜಗಲಿಯ ಮೇಲೆ ಅದೇ ನಗು. ಇವರು ಹೋಗುವ ಜಾತಿಯವರಲ್ಲ, ಸಕ್ಕರೆಯವರ ಹಾಗೆ ಉಳಿಯುವವರು, ಜೊತೆಗಿಟ್ಟುಕೊಂಡೇ ಬದುಕುವುದು ಕಲಿಯಬೇಕು ಎಂದರು ಡಾಕ್ಟರಮ್ಮ. ದಿನಾ ಬೆಳಿಗ್ಗೆ ನೆಂಟ, "ಬಾ ಮೈಲಾರಿ, ಹಿತ್ತಿಲಿಗೆ ಹೋಗೋಣ" ಎಂದು ಎದ್ದು ನಿಲ್ಲುತ್ತಿದ್ದ. ಮೈಲಾರಿ, "ಇವತ್ತು ಇಲ್ಲೇ ಕೂತಿರು" ಎನ್ನುತ್ತಿದ್ದ. ಕೆಲವು ದಿನ ಸುಲಭವಾಗಿ ಅನ್ನುತ್ತಿದ್ದ, ಕೆಲವು ದಿನ ಹಲ್ಲು ಕಚ್ಚಿ. ಸಂಜೆ ಹೊತ್ತು ಜಾಸ್ತಿ ಕಷ್ಟ ಎಂದು ಅಕ್ಕಪಕ್ಕದವರು ಒಬ್ಬರಲ್ಲ ಒಬ್ಬರು ಹೋಗಿ ಅವರಿಬ್ಬರ ನಡುವೆ ಕೂರುವುದು ರೂಢಿಯಾಯಿತು. ನಾನು ಹಪ್ಪಳದ ಹಿಟ್ಟು ತೆಗೆದುಕೊಂಡು ಹೋಗಿ ಉಂಡೆ ಮಾಡುತ್ತಾ ಕೂರುತ್ತಿದ್ದೆ. ಕೂತ ಮೇಲೆ ಸುಮ್ಮನಿರಲು ನನ್ನಿಂದ ಆಗುತ್ತದೆಯೇ? ನೆಂಟನನ್ನು ಕೇಳಿದೆ, "ನಿನಗೆ ಏನಪ್ಪಾ ಇಷ್ಟ?" ಅವನು ಯೋಚಿಸಿ ಹೇಳಿದ, "ಇವನು ಒಬ್ಬನೇ ಇರೋದು." ಅಂದಿನಿಂದ ನಾನು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ.

ಆದರೂ ಅಪ್ಪನ ಎಡೆ ಇಡುವ ದಿನ ಮೈಲಾರಿ ಜಾರಿದ. ಬೆಳಿಗ್ಗೆ ನೋಡಿದರೆ ಜಗಲಿ ಖಾಲಿ, ನೆಂಟ ಹಿತ್ತಿಲಿನ ಕಲ್ಲಿನ ಮೇಲೆ. ತಿಮ್ಮಕ್ಕ ಒಲೆಯ ಮುಂದೆ ಕಲ್ಲಿನ ಹಾಗೆ ಕೂತಿದ್ದಳು. ನಾನು ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಮಳೆಗಾಲದಲ್ಲಿ ಕೆಮ್ಮಿನ ಮುದುಕ ಮತ್ತೆ ಬಂದರೆ ಜಗಲಿ ಒಡೆಯುತ್ತೇವೆಯೇ? ಬಿಸಿಲು ಏರುವ ಹೊತ್ತಿಗೆ ಮೈಲಾರಿ ತಾನೇ ನೆಂಟನ ಕೈ ಹಿಡಿದು ಇಡೀ ಬೀದಿ ಬಳಸಿ ತಂದು ಮತ್ತೆ ಜಗಲಿಯ ಮೇಲೆ ಕೂರಿಸಿದ. ಮೊದಲ ಸಲಕ್ಕಿಂತ ಈ ಸಲ ಅವನಿಗೆ ಹೆಚ್ಚು ಕಷ್ಟವಾಯಿತು ಎಂದು ಅವನ ಕುತ್ತಿಗೆ ನೋಡಿದರೆ ತಿಳಿಯುತ್ತಿತ್ತು. ಬೀದಿಯಲ್ಲಿ ಯಾರೂ ದನಿ ಎತ್ತಲಿಲ್ಲ. ಯಾರ ಮನೆಯಿಂದಲೋ ನುಚ್ಚು ಬಂತು.

ಮೈಲಾರಿ ಮತ್ತೆ ಕರಣೆ ಹಿಡಿದ. ಮೊದಲ ಕೆಲಸವೆಂದು ಬಾಣಂತಿ ಮನೆಯ ಜಗಲಿಯನ್ನು ಬುಡದಿಂದ ಕಿತ್ತು ಹೊಸದಾಗಿ ಕಟ್ಟಿದ. ಅಷ್ಟರಲ್ಲಿ ಊರಿನಲ್ಲಿ ಒಂದು ಹೊಸ ಗುಸುಗುಸು. ಎಲ್ಲರ ಮನೆ ದೋಸೆಯೂ ತೂತೇ ಅಲ್ಲವೇ? ಮಾಳಿಗೆಯ ಮೇಲಿನಿಂದ ನೋಡುವವಳು ನಾನು, ಬೇರೆ ಹಿತ್ತಿಲುಗಳಲ್ಲೂ ಯಾರ ಮನೆಯವರೂ ಅಲ್ಲದ ಮೆತ್ತನೆ ಮಾತಿನವರು ಕೂತಿರುವುದು ಈಗ ಕಣ್ಣಿಗೆ ಬೀಳತೊಡಗಿತ್ತು. ಇಸ್ಪೀಟಿನ ಹುಚ್ಚಿನವನ ದನದ ಕೊಟ್ಟಿಗೆಯಲ್ಲಿ ಒಬ್ಬ. ಅಫೀಮಿನ ಗೀಳಿನ ಗಾಡಿಯವನ ಬಾವಿಕಟ್ಟೆಯ ಮೇಲೆ ಒಬ್ಬಳು. ಜನ ಒಬ್ಬೊಬ್ಬರೇ ಮೈಲಾರಿಯ ಹತ್ತಿರ ಬಂದು, ಯಾರಿಗೂ ಹೇಳಬೇಡ, ಹಿತ್ತಿಲಿನಲ್ಲೊಂದು ಸಣ್ಣ ಜಗಲಿ ಕಟ್ಟಿಕೊಡು, ಅವರೂ ಮರ್ಯಾದೆಯಾಗಿ ಕೂರಲಿ, ನಮಗೂ ಮರ್ಯಾದೆ ಉಳಿಯಲಿ ಎಂದು ಕೇಳತೊಡಗಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೈಲಾರಿ ಆಗುವುದಿಲ್ಲ ಎನ್ನುತ್ತಿದ್ದ, ಅವರು ಹೊರಟು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಬೊಮ್ಮಯ್ಯನವರು ಅವನನ್ನು ಮನೆಗೆ ಕರೆಸಿದರು. ಸುಣ್ಣದ ಬಾನಿ ಹೊರಲು ಒಬ್ಬರು ಬೇಕಲ್ಲ ಎಂದು ನಾನೂ ಹಿಂದೆ ಹೋದೆ. ಯಾರೂ ಕರೆದಿರಲಿಲ್ಲ. ಯಜಮಾನರು ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಹುಲ್ಲಿನ ಬಣವೆಯ ನೆರಳಲ್ಲಿ ಅವರ ಮಗ ಓಂಕಾರ ಒರಗಿದ್ದ, ಮದುವೆಯಾಗಿ ಒಂದು ಮಗುವಿರುವ ಗಂಡಸು, ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣು ಕೆಂಪು ಮಾಡಿಕೊಂಡು. ಅವನ ಪಕ್ಕದಲ್ಲಿ ಅವನದೇ ವಯಸ್ಸಿನ ಇನ್ನೊಬ್ಬ, ಬಿಳಿ ಪಂಚೆ, ಎಣ್ಣೆ ಹಾಕಿ ಬಾಚಿದ ತಲೆ.

"ಇಲ್ಲೇ, ಬಣವೆ ಹಿಂದೆ ಒಂದು ಕಟ್ಟಿಬಿಡು ಮೈಲಾರಿ. ಗಟ್ಟಿಯಾಗಿ ಕಟ್ಟು" ಎಂದರು ಬೊಮ್ಮಯ್ಯನವರು. ಅಂಥ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ.

ಮೈಲಾರಿ ಓಂಕಾರನ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ನಿನ್ನನ್ನ ಯಾರೂ ಬೈಯಲ್ಲ" ಎಂದ. "ಇವನ ಕೈ ಹಿಡಿದುಕೊಂಡು ಮುಂದಕ್ಕೆ ಬರಬೇಕು, ಅಷ್ಟೇ. ನನ್ನ ಕೈಯನ್ನ ಬೇಕಾದ್ರೆ ನೀನು ಹಿಡ್ಕೋ." ಓಂಕಾರ ಮುಖ ತಿರುಗಿಸಿದ. ಮೈಲಾರಿ ಎದ್ದು, ನನ್ನ ತಲೆಯ ಮೇಲಿನ ಬಾನಿ ಇಳಿಸಿಕೊಂಡು ಒಳಮನೆ ಹಾದು ಬೀದಿ ಬಾಗಿಲಿಗೆ ಹೋದ. ಜಗಲಿಯ ತುದಿಯಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವನ್ನು ಮೊಳ ಹಾಕಿ ಅಳೆದು, ಸಕ್ಕರೆಯ ನೆಂಟನಿಗೆ ಸ್ವಲ್ಪ ಸರಿದುಕೊಳ್ಳುವಂತೆ ಕೈಮುಗಿದು, ಗಾರೆ ಅರೆಯಲು ಕೂತ.

ಬೊಮ್ಮಯ್ಯನವರು ಓಡಿ ಬಂದರು. "ಇದೇನೋ ಮಾಡ್ತಿದೀಯಾ? ಹಿತ್ತಿಲಿಗೆ ಅಂದ್ರೆ ಬೀದಿಗೆ ಕಟ್ತಿದೀಯಲ್ಲ! ಊರೆಲ್ಲ ನೋಡುತ್ತೆ ಕಣೋ!"

"ನೋಡಲಿ ಯಜಮಾನ್ರೇ" ಎಂದ ಮೈಲಾರಿ, ತಲೆ ಎತ್ತದೆ. "ನೋಡಿದ್ದಕ್ಕೇ ನಾನು ಉಳಿದಿದ್ದು. ನಮ್ಮಪ್ಪನನ್ನ ಯಾರೂ ನೋಡಲಿಲ್ಲ."

ಬೀದಿಯಲ್ಲಿ ಹೋಗುವವರು ಆಗಲೇ ನಡಿಗೆ ನಿಧಾನ ಮಾಡಿದ್ದರು. ಸುಣ್ಣಕ್ಕೆ ನೀರು ಕಡಿಮೆಯಾಗಿತ್ತು. ಯಜಮಾನರು ಹೆಗಲ ಮೇಲಿನ ವಲ್ಲಿ ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಖಾಲಿ ಕೊಡ ಎತ್ತಿಕೊಂಡು, ಎಲ್ಲರ ಎದುರಿಗೇ ನೀರು ತರಲು ಬೀದಿಗೆ ಇಳಿದರು.